ಪರಿಶುದ್ಧ ಜೀವನ: ಸೋಮವಾರ ಬೆಳಿಗ್ಗೆಯಿಂದ ಏನು ಮಾಡಬೇಕು?

"ಪರಿಶುದ್ಧರಾಗಿರಿ ಅಂತ ಭಾನುವಾರ ಕೇಳಿಸಿಕೊಂಡು ಬರ್ತೀವಿ. ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡಬೇಕು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಹೊಸದಾಗಿ ನಂಬಿದವರಿದ್ದಾರೆ, ಹುಟ್ಟಿದಾಗಿನಿಂದ ಸಭೆಗೆ (ಚರ್ಚಿಗೆ) ಹೋಗುವವರೂ ಇದ್ದಾರೆ. ಕೆಲವರು ಇನ್ನೂ ನೇರವಾಗಿ ಕೇಳುತ್ತಾರೆ: ಒಡವೆ ತೆಗೀಬೇಕಾ? ಸಿನಿಮಾ ಬಿಡಬೇಕಾ? ಎಷ್ಟು ಪ್ರಾರ್ಥನೆ ಮಾಡಿದರೂ ಅದೇ ಪಾಪಕ್ಕೆ ಬೀಳ್ತೀನಲ್ಲ, ನಾನು ನಿಜವಾಗಿ ದೇವರ ಮಗುವೇನಾ?

ಎಲ್ಲರಿಗೂ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಈ ಲೇಖನ. ನಾಲ್ಕು ವಾರದಲ್ಲಿ ಮಾಡಬಹುದಾದ ಆರು ಹಂತಗಳು ಇಲ್ಲಿವೆ. ನಾಲ್ಕು ವಾರಕ್ಕೆ ಕೆಲಸ ಮುಗಿಯುವುದಿಲ್ಲ, ಅದು ಜೀವಮಾನದ್ದು. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಖಂಡಿತ ಗೊತ್ತಾಗುತ್ತದೆ.

ಮೊದಲು ಆ ಪದವನ್ನೇ ನೋಡೋಣ

ಕನ್ನಡದಲ್ಲಿ 'ಪರಿಶುದ್ಧ' ಅಂದ ಕೂಡಲೇ ನಮ್ಮ ಕಿವಿಗೆ 'ಮಡಿ' ಕೇಳಿಸುತ್ತದೆ. ಸ್ನಾನ, ಒಗೆದ ಬಟ್ಟೆ, ಮುಟ್ಟಬಾರದು, ಸೋಕಬಾರದು. ಕ್ರೈಸ್ತ ಮನೆಗಳಲ್ಲಿ ಬೆಳೆದವರಿಗೂ ಈ ಅರ್ಥ ಅಂಟಿಕೊಂಡಿರುತ್ತದೆ. ಅರ್ಧ ಗೊಂದಲ ಇಲ್ಲೇ ಹುಟ್ಟುವುದು.

ಹಳೆ ಒಡಂಬಡಿಕೆಯ ಹೀಬ್ರೂ ಪದ 'ಕಾದೋಶ್'. ಬೇರೆಯಾದದ್ದು, ದೇವರಿಗೆಂದು ಎತ್ತಿಟ್ಟದ್ದು ಎಂಬ ಅರ್ಥ ಅದಕ್ಕಿದೆ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಹಾಗಿಯೋಸ್'. ನಮ್ಮ ಮಾತಿನ 'ಮೀಸಲು', 'ಮುಡಿಪು' ಇದಕ್ಕೆ ತುಂಬಾ ಹತ್ತಿರ. ಹಬ್ಬಕ್ಕೆಂದು ಎತ್ತಿಟ್ಟ ಅಕ್ಕಿ ಡಬ್ಬದ ಬೇರೆ ಅಕ್ಕಿಗಿಂತ ಬಿಳಿಯಾಗೇನೂ ಇರುವುದಿಲ್ಲ. ಅದು ಯಾತಕ್ಕೆ ಸೇರಿದ್ದು ಅನ್ನುವುದು ಬೇರೆ. ಆಮೇಲೆ ಅದನ್ನು ಕೈಗೆ ಬಂದ ಹಾಗೆ ಬಳಸುವುದಿಲ್ಲ, ಅಷ್ಟೇ.

ಮಡಿ ಹೊರಗಿನದು ತಾಗದಂತೆ ಕಾಯುತ್ತದೆ. ಯೇಸುಸ್ವಾಮಿ ಮಾರ್ಕ 7ನೇ ಅಧ್ಯಾಯದಲ್ಲಿ ಹೇಳಿದ್ದು ಇದಕ್ಕೆ ತಿರುವು. ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಅಶುದ್ಧ ಮಾಡುವುದಿಲ್ಲ. ಹೃದಯದಿಂದ ಹೊರಗೆ ಬರುವ ಕೆಟ್ಟ ಆಲೋಚನೆ, ಕಳ್ಳತನ, ಹಾದರ, ಮೋಸ, ಹೊಟ್ಟೆಕಿಚ್ಚು, ಸೊಕ್ಕು, ಇವೇ ಅಶುದ್ಧ ಮಾಡುವುದು. ಈ ಒಂದು ಅಧ್ಯಾಯ ಮನಸ್ಸಿಗೆ ಇಳಿದರೆ ಮುಂದಿನದೆಲ್ಲ ಸುಲಭ.

ಸಭೆಯಲ್ಲಿ ಕೇಳುವ ಇನ್ನು ಮೂರು ಪದಗಳು. 'ಪವಿತ್ರೀಕರಣ' ಅಂದರೆ ನಂಬಿದವರನ್ನು ದೇವರು ದಿನದಿನಕ್ಕೆ ಕ್ರಿಸ್ತನ ಹಾಗೆ ಮಾಡುತ್ತಾ ಹೋಗುವುದು. 'ಮಾನಸಾಂತರ' ಅಂದರೆ ಬರೀ ಅಳುವುದಲ್ಲ, ಹೋಗುತ್ತಿದ್ದ ದಾರಿಯಿಂದ ತಿರುಗುವುದು. 'ಶೋಧನೆ' ಅಂದರೆ ಪಾಪಕ್ಕೆ ಎಳೆಯುವ ಸೆಳೆತ. ಶೋಧನೆ ಬಂದದ್ದೇ ಪಾಪ ಅಲ್ಲ, ಯೇಸುಸ್ವಾಮಿಗೂ ಅದು ಬಂದಿತ್ತು. ಇದನ್ನು ತಿಳಿಯದೆ ಸುಮ್ನೆ ಕೊರಗುವವರು ಬಹಳ.

ಬೇಕಾದದ್ದು

ಒಂದು ಸತ್ಯವೇದ (ಬೈಬಲ್). ಒಂದು ನೋಟ್‌ಬುಕ್, ಬೇರೆ ಯಾರೂ ತೆರೆಯದಂಥದ್ದು. ದಿನಕ್ಕೆ ಬೆಳಿಗ್ಗೆ 15 ನಿಮಿಷ, ರಾತ್ರಿ 10 ನಿಮಿಷ. ನಂಬಬಹುದಾದ ಒಬ್ಬ ವ್ಯಕ್ತಿ. ಉಪವಾಸ ಕಡ್ಡಾಯ ಅಲ್ಲ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ದಿನವೂ ಔಷಧಿ ತಗೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬೇಡಿ.

ಹಂತ 1: ಕೊಟ್ಟದ್ದನ್ನು ಮೊದಲು ಓದಿ (ಮೊದಲ ದಿನ)

ವಿಮೋಚನಕಾಂಡ 19:4-6 (19ನೇ ಅಧ್ಯಾಯ, 4ರಿಂದ 6ನೇ ವಚನ) ಓದಿ. ನೀವು ನನಗೆ ಪರಿಶುದ್ಧ ಜನವಾಗಿರುವಿರಿ ಎಂದು ದೇವರು ಇಸ್ರಾಯೇಲ್ಯರಿಗೆ ಹೇಳುವುದು ಅಲ್ಲಿ. ಹತ್ತು ಆಜ್ಞೆಗಳು ಬರುವುದು ಅದರ ಮುಂದಿನ ಅಧ್ಯಾಯದಲ್ಲಿ. ಅಷ್ಟರಲ್ಲಾಗಲೇ ಅವರು ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಹೊರಗೆ ಬಂದಾಗಿತ್ತು, ಸಮುದ್ರ ದಾಟಿಯಾಗಿತ್ತು. ಈ ಆಜ್ಞೆ ಪಾಲಿಸಿ, ಆಮೇಲೆ ಬಿಡಿಸುತ್ತೇನೆ ಅಂತ ದೇವರು ಹೇಳಲಿಲ್ಲ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ.

ಯೇಸುಸ್ವಾಮಿಯ ಶಿಷ್ಯ ಪೇತ್ರನ ಮೊದಲ ಪತ್ರದಲ್ಲೂ ಇದೇ ಕ್ರಮ. ಇಂದಿನ ಟರ್ಕಿ ದೇಶದ ಊರುಗಳಲ್ಲಿ ಚದುರಿಹೋಗಿದ್ದ, ಸುತ್ತಲಿನ ಜನರ ನಿಂದೆ ತಿನ್ನುತ್ತಿದ್ದ ಸಣ್ಣ ಸಣ್ಣ ಸಭೆಗಳಿಗೆ ಬರೆದದ್ದು ಅದು. 1:15-16ರಲ್ಲಿ ಎಲ್ಲಾ ನಡತೆಯಲ್ಲೂ ಪರಿಶುದ್ಧರಾಗಿರಿ ಎನ್ನುವ ಪೇತ್ರ, 18-19ರಲ್ಲಿ ಕಾರಣ ಕೊಡುತ್ತಾನೆ: ನಿಮ್ಮನ್ನು ಬಿಡಿಸಿದ್ದು ಬೆಳ್ಳಿ ಬಂಗಾರದಿಂದಲ್ಲ, ಕ್ರಿಸ್ತನ ಅಮೂಲ್ಯ ರಕ್ತದಿಂದ.

ಇನ್ನು ಕೊರಿಂಥದ ಸಭೆ ನೋಡಿ. ಅಲ್ಲಿ ಗುಂಪುಗಾರಿಕೆ, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದು, ಹಾದರ, ಎಲ್ಲವೂ ಇತ್ತು. ಆದರೂ ಅಪೊಸ್ತಲ ಪೌಲ ಅವರಿಗೆ ಬರೆದ ಮೊದಲ ಪತ್ರದ ಆರಂಭದಲ್ಲೇ ಅವರನ್ನು ಕ್ರಿಸ್ತ ಯೇಸುವಿನಲ್ಲಿ ಪ್ರತಿಷ್ಠಿತರಾದವರು (ಅಂದರೆ ದೇವರಿಗೆ ಮೀಸಲಾದವರು), ದೇವಜನರು ಅನ್ನುತ್ತಾನೆ. ಆಮೇಲೆ 16 ಅಧ್ಯಾಯಗಳ ಉದ್ದಕ್ಕೂ ತಿದ್ದುತ್ತಾನೆ. ನೀವು ಯಾರು ಅನ್ನುವುದು ಮೊದಲು, ಹೇಗಿರಬೇಕು ಅನ್ನುವುದು ಅದರ ಹಿಂದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೇವರು ನಿಮಗಾಗಿ ಈಗಾಗಲೇ ಮಾಡಿದ್ದನ್ನು ಬರೆಯಿರಿ. ಕಷ್ಟದ ದಿನಗಳಲ್ಲಿ ಈ ಪುಟಕ್ಕೆ ವಾಪಸ್ ಬರುತ್ತೀರಿ.

ಎಚ್ಚರಿಕೆ: ಇಲ್ಲಿ ಎಡವುವವರು ಜಾಸ್ತಿ. "ನಾನು 40 ದಿನ ಮೊಬೈಲ್ ಮುಟ್ಟಲ್ಲ, ನೀನು ಈ ಕೆಲಸ ಮಾಡಿಕೊಡು" ಅನ್ನುವುದು ಹರಕೆಯ ವ್ಯಾಪಾರ. ಕೆಲಸ ಆಗದಿದ್ದರೆ ದೇವರ ಮೇಲೆ ಸಿಟ್ಟು, ಆಗಿಬಿಟ್ಟರೆ ನಮ್ಮ ಮೇಲೇ ಹೆಮ್ಮೆ. ಎರಡೂ ಕೆಡುಕೇ.

ಹಂತ 2: ಯಾಜಕಕಾಂಡ 19ನ್ನು ಒಂದು ವಾರ ಓದಿ

ಈ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಪೇತ್ರ ಹೇಳಿದ 'ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು' ಎಂಬ ಮಾತು ಯಾಜಕಕಾಂಡದ್ದು. ಆ ಮಾತಿನಿಂದ ಶುರುವಾಗುವ ಅಧ್ಯಾಯವೇ 19. ಒಟ್ಟು 37 ವಚನ. ಓದಲು ಐದು ನಿಮಿಷ ಸಾಕು.

ಪರಿಶುದ್ಧತೆ ಅಂದಮೇಲೆ ಅಲ್ಲಿ ದರ್ಶನ, ಬೆಂಕಿ, ದೇವದೂತರು ಇರುತ್ತಾರೆ ಅಂದುಕೊಳ್ಳುತ್ತೇವೆ. ತೆರೆದು ನೋಡಿದರೆ ಕೂಲಿ, ತಕ್ಕಡಿ, ಹೊಲದ ಅಂಚು, ಚಾಡಿಮಾತು! ನಡುನಡುವೆ 'ನಾನು ಯೆಹೋವನು' ಎಂಬ ಮಾತು ಪಲ್ಲವಿಯ ಹಾಗೆ ಬರುತ್ತಲೇ ಇರುತ್ತದೆ. ಅಂದರೆ ನೋಡುತ್ತಿರುವುದು ನಾನು, ಲೆಕ್ಕ ಒಪ್ಪಿಸಬೇಕಾದದ್ದು ನನಗೆ ಎಂದು.

ದಿನಕ್ಕೆ ಐದಾರು ವಚನ ತಗೊಳ್ಳಿ. ಪ್ರತಿಯೊಂದರ ಎದುರು ಒಂದೇ ಪ್ರಶ್ನೆ ಬರೆಯಿರಿ: ನನ್ನ ಬದುಕಿನಲ್ಲಿ ಇದು ಯಾರು? ಯಾವುದು? ಹೇಗೆ ಬರೆಯಬೇಕು ಅಂತ ಕೆಲವನ್ನು ತೋರಿಸುತ್ತೇನೆ.

3ನೇ ವಚನ ತಾಯಿತಂದೆಗೆ ಭಯಭಕ್ತಿ ತೋರಿಸಿ ಅನ್ನುತ್ತದೆ. ಇಲ್ಲಿ ತಾಯಿಯ ಹೆಸರು ಮೊದಲು ಬರುತ್ತದೆ ಅನ್ನುವುದನ್ನೂ ಗಮನಿಸಿ. ಅಮ್ಮನಿಗೆ ಕೊನೆಯ ಸಲ ಯಾವಾಗ ಫೋನ್ ಮಾಡಿದಿರಿ? ಯಾವ ದನಿಯಲ್ಲಿ ಮಾತಾಡಿದಿರಿ?

9-10ನೇ ವಚನಗಳ ಪ್ರಕಾರ ಹೊಲದ ಅಂಚಿನ ತೆನೆ ಕೊಯ್ಯಬಾರದು, ಬಿದ್ದ ತೆನೆ ಆರಿಸಬಾರದು. ಅದು ಬಡವರಿಗೆ, ಪರದೇಶಿಯರಿಗೆ. ಮೋವಾಬ್ ದೇಶದಿಂದ ಬಂದ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಈ ಕಟ್ಟಳೆಯ ನೆರಳಿನಲ್ಲೇ. ನಿಮ್ಮ ಸಂಬಳಕ್ಕೆ 'ಅಂಚು' ಇದೆಯಾ? ಅಥವಾ ತಿಂಗಳ ಕೊನೆಯ ರೂಪಾಯಿವರೆಗೂ ನಿಮ್ಮದೇನಾ?

13ನೇ ವಚನ ನನ್ನನ್ನು ಹಿಡಿದು ನಿಲ್ಲಿಸಿತು. ಕೂಲಿಯವನ ಕೂಲಿ ಬೆಳಗಿನ ತನಕ ನಿಮ್ಮ ಹತ್ತಿರ ಇರಬಾರದು. ನಾನು ಊರಿಗೆ ಹೊರಡುವ ಗಡಿಬಿಡಿಯಲ್ಲಿ ಮನೆಗೆಲಸದ ಅಕ್ಕನ ಸಂಬಳವನ್ನು "ಬಂದಮೇಲೆ ಕೊಡ್ತೀನಿ" ಅಂದಿದ್ದೆ. ಒಂದು ವಾರ ತಡವಾಯಿತು. ಆ ವಾರ ಅವರ ಮನೆಯಲ್ಲಿ ಒಲೆ ಹೇಗೆ ಉರಿಯಿತು ಅಂತ ನಾನು ಯೋಚಿಸಿರಲೇ ಇಲ್ಲ. ಅದೇ ವಾರ ನಾನು ದಿನವೂ ಪ್ರಾರ್ಥನೆಗೆ ಕೂತಿದ್ದೆ. ಯಾಕೋಬ 5:4 ಇದನ್ನೇ ಇನ್ನೂ ಖಾರವಾಗಿ ಹೇಳುತ್ತದೆ: ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ.

14ನೇ ವಚನ ಕಿವುಡರನ್ನು ಬೈಯಬೇಡಿ, ಕುರುಡರ ಮುಂದೆ ಕಲ್ಲಿಡಬೇಡಿ ಅನ್ನುತ್ತದೆ. ಗೊತ್ತೇ ಆಗದವರ ವಿಷಯದಲ್ಲಿ ನಾವು ಹೇಗಿದ್ದೇವೆ ಅನ್ನುವ ಪ್ರಶ್ನೆ ಇದು. ಓದು ಬಾರದವರ ಹತ್ತಿರ ಹೆಬ್ಬೆಟ್ಟು ಹಾಕಿಸಿಕೊಳ್ಳುವಾಗ, ಹೊಸಬರಿಗೆ ಬಾಡಿಗೆ ಜಾಸ್ತಿ ಹೇಳುವಾಗ ನೆನಪಾಗಬೇಕು.

16ನೇ ವಚನ ಚಾಡಿ ಹೇಳುತ್ತಾ ತಿರುಗಬೇಡಿ ಅನ್ನುತ್ತದೆ. "ಅವರಿಗೋಸ್ಕರ ಪ್ರಾರ್ಥನೆ ಮಾಡಿ, ವಿಷಯ ಏನು ಅಂದ್ರೆ..." ಅಂತ ಶುರುವಾಗುವ ಮಾತುಗಳನ್ನು ಇಲ್ಲಿ ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಎಷ್ಟೋ ಸಲ ಅದು ಪ್ರಾರ್ಥನೆಯ ವೇಷ ಹಾಕಿದ ಚಾಡಿ.

18ನೇ ವಚನ ನಿಮಗೆ ಗೊತ್ತೇ ಇದೆ: ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು. ಯೇಸುಸ್ವಾಮಿ ಎರಡನೆಯ ದೊಡ್ಡ ಆಜ್ಞೆ ಅಂದದ್ದು ಇದನ್ನೇ. ಅದು ಹುಟ್ಟಿದ್ದು ಈ ಕೂಲಿ, ತಕ್ಕಡಿಗಳ ನಡುವೆ. 33-34ರಲ್ಲಿ ಪರದೇಶಿಯನ್ನೂ ಹಾಗೇ ಪ್ರೀತಿಸಿ ಅನ್ನುತ್ತದೆ. 35-36ರಲ್ಲಿ ತಕ್ಕಡಿ, ಕಲ್ಲು, ಅಳತೆ ಸರಿಯಾಗಿರಲಿ ಅನ್ನುತ್ತದೆ. ಅಂಗಡಿ ಇಟ್ಟವರಿಗೆ ವಿವರಣೆ ಬೇಕಿಲ್ಲ. ಉಳಿದವರಿಗೆ: ಆಫೀಸಿನಲ್ಲಿ ಹಾಕುವ ಹಾಜರಿ, ಬರೆಯುವ ಖರ್ಚಿನ ಬಿಲ್, ಅವೂ ತಕ್ಕಡಿಗಳೇ.

ಎಚ್ಚರಿಕೆ: ಎರಡು ಬಗೆಯ ನೂಲಿನ ಬಟ್ಟೆ ಬೇಡ, ಗಡ್ಡದ ಅಂಚು ಕತ್ತರಿಸಬೇಡಿ ಎಂಬ ವಚನಗಳೂ ಇದೇ ಅಧ್ಯಾಯದಲ್ಲಿವೆ. ಇವುಗಳಲ್ಲೇ ಸಿಕ್ಕಿಹಾಕಿಕೊಳ್ಳಬೇಡಿ. ಅವು ಅಂದಿನ ಇಸ್ರಾಯೇಲ್ಯರನ್ನು ಸುತ್ತಲಿನ ಜನಾಂಗಗಳಿಂದ ಬೇರೆಯಾಗಿ ತೋರಿಸುತ್ತಿದ್ದ ಕಟ್ಟಳೆಗಳು ಎಂದು ಕ್ರೈಸ್ತ ಸಭೆಗಳು ಸಾಮಾನ್ಯವಾಗಿ ಕಲಿಸುತ್ತವೆ. ಕೂಲಿ, ಸತ್ಯ, ಪ್ರೀತಿಯ ಮಾತುಗಳನ್ನು ಹೊಸ ಒಡಂಬಡಿಕೆ ಮತ್ತೆ ಹೇಳುತ್ತದೆ. ಬಟ್ಟೆಯ ನೂಲನ್ನು ಹೇಳುವುದಿಲ್ಲ.

ಹಂತ 3: ಒಂದನ್ನು ಬಿಡಿ, ಅದರ ಜಾಗಕ್ಕೆ ಒಂದನ್ನು ತೊಡಿ (ಎರಡನೆಯ ವಾರ)

ಮೊದಲ ವಾರದ ಪಟ್ಟಿ ಉದ್ದ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದೇ ಒಂದನ್ನು ಆರಿಸಿ. ನಿಮ್ಮ ಮನಸ್ಸಿಗೆ ಅತಿ ಹೆಚ್ಚು ಚುಚ್ಚಿದ್ದು ಯಾವುದೋ ಅದು.

ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲ ಹಳೆಯ ಸ್ವಭಾವವನ್ನು ತೆಗೆದುಹಾಕಿ ಹೊಸದನ್ನು ಧರಿಸಿಕೊಳ್ಳಿ ಅನ್ನುತ್ತಾನೆ, ಬಟ್ಟೆ ಬದಲಿಸುವ ಹಾಗೆ. ಬರೀ ಬಿಡಿ ಅಂದು ನಿಲ್ಲಿಸುವುದಿಲ್ಲ. ಸುಳ್ಳು ಬಿಟ್ಟು ನಿಜ ಆಡಬೇಕು. ಕದಿಯುತ್ತಿದ್ದವನು ಕದಿಯುವುದು ಬಿಟ್ಟರೆ ಸಾಲದು, ಕೈಯಾರೆ ದುಡಿದು ಇಲ್ಲದವರಿಗೆ ಕೊಡಬೇಕು. ಕೊಳಕು ಮಾತಿನ ಜಾಗಕ್ಕೆ ಕೇಳಿದವರಿಗೆ ಬಲ ಕೊಡುವ ಮಾತು ಬರಬೇಕು. ಕಹಿ ಮನಸ್ಸಿನ ಜಾಗಕ್ಕೆ ಕ್ಷಮೆ. ಖಾಲಿ ಬಿಟ್ಟ ಜಾಗಕ್ಕೆ ಹಳೆಯದೇ ವಾಪಸ್ ಬರುತ್ತದೆ, ಅಲ್ವಾ?

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಬಿಡುವುದು ಏನು, ತೊಡುವುದು ಏನು. 'ಒಳ್ಳೆಯವನಾಗುತ್ತೇನೆ' ಅಂತ ಬರೆದರೆ ಪ್ರಯೋಜನ ಇಲ್ಲ. 'ಅತ್ತೆಯ ಬಗ್ಗೆ ತಂಗಿಗೆ ಫೋನಿನಲ್ಲಿ ದೂರು ಹೇಳುವುದಿಲ್ಲ. ದಿನಕ್ಕೆ ಒಂದು ಸಲ ಅವರ ಹತ್ತಿರ ಕೂತು ಮಾತಾಡುತ್ತೇನೆ' ಅಂತ ಬರೆಯಿರಿ.

ಕಣ್ಣಿನ ಶೋಧನೆಯ ಬಗ್ಗೆ ಕೇಳುವವರು ಬಹಳ ಮಂದಿ. ನಾಚಿಕೆಯಿಂದ ಅರ್ಧ ಮಾತಲ್ಲೇ ನಿಲ್ಲಿಸುತ್ತಾರೆ. ನೇರವಾಗಿ ಹೇಳುತ್ತೇನೆ. 1 ಥೆಸಲೋನಿಕ 4:3ರಲ್ಲಿ ಪೌಲ ಪರಿಶುದ್ಧತೆಯನ್ನು ಮೊದಲು ದೇಹದ ವಿಷಯಕ್ಕೇ ತರುತ್ತಾನೆ. ರೋಮಾಪುರದವರಿಗೆ 13:14ರಲ್ಲಿ ದೇಹದ ಆಸೆಗಳಿಗೆ ಅವಕಾಶ ಮಾಡಿಕೊಡಬೇಡಿ ಅನ್ನುತ್ತಾನೆ. ಇವತ್ತಿನ ಅವಕಾಶದ ಹೆಸರು ಹಾಸಿಗೆಯ ಪಕ್ಕದ ಮೊಬೈಲ್. ರಾತ್ರಿ ಅದನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಏಳಲು ಬೇರೆ ಅಲಾರಂ ಗಡಿಯಾರ ತಗೊಳ್ಳಿ. ಬೀಳುವ ಹೊತ್ತು, ಜಾಗ, ಮನಸ್ಥಿತಿ ಗುರುತು ಮಾಡಿ. ಬಹಳಷ್ಟು ಸಲ ಅದು ಸುಸ್ತು, ಒಂಟಿತನ, ಸಿಟ್ಟಿನ ಹಿಂದೆಯೇ ಬರುತ್ತದೆ. ಆನ್‌ಲೈನ್ ಜೂಜಿನ ಆಪ್‌ಗಳಿಗೂ ಇದೇ ಮಾತು: 'ಇನ್ಮೇಲೆ ಆಡಲ್ಲ' ಅನ್ನುವ ಪ್ರಾರ್ಥನೆಯ ಜೊತೆ ಆಪ್ ಅಳಿಸಿ, ಹಣದ ಲೆಕ್ಕವನ್ನು ಮನೆಯವರ ಕೈಗೆ ಕೊಡಿ. ಚಟ ಕೈಮೀರಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರ, ಆಪ್ತಸಮಾಲೋಚಕರ ಸಹಾಯ ಪಡೆಯಿರಿ. ಅದು ನಂಬಿಕೆಯ ಕೊರತೆ ಅಲ್ಲ.

ಪೇತ್ರ ಇದಕ್ಕೆ 'ಮನಸ್ಸಿನ ನಡುವನ್ನು ಕಟ್ಟಿಕೊಳ್ಳಿ' ಅನ್ನುತ್ತಾನೆ. ಉದ್ದ ನಿಲುವಂಗಿ ಹಾಕಿದ ಜನ ಕೆಲಸಕ್ಕಿಳಿಯುವಾಗ ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ನಾವು ಪಂಚೆ ಎತ್ತಿಕಟ್ಟಿ ಗದ್ದೆಗೆ ಇಳಿಯುವ ಹಾಗೆ. ಕೆಸರು ಇರುವುದು ಗೊತ್ತಿದ್ದೂ ಪಂಚೆ ಇಳಿಬಿಟ್ಟು ಇಳಿಯುತ್ತೇವಾ?

ಹಂತ 4: ರಾತ್ರಿ 10 ನಿಮಿಷದ ಆತ್ಮಶೋಧನೆ

ಕ್ಯಾಥೊಲಿಕ್ ಸಭೆಯಲ್ಲಿ ಇದು ಹಳೆಯ ಪದ್ಧತಿ. 16ನೇ ಶತಮಾನದಲ್ಲಿ ಯೇಸುಸಭೆಯನ್ನು ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಇದಕ್ಕೆ ಐದು ಮೆಟ್ಟಿಲು ಹೇಳಿಕೊಟ್ಟರು. ಯಾವ ಸಭೆಯವರಾದರೂ ಬಳಸಬಹುದು.

ಮೊದಲು ಇವತ್ತಿನ ಒಳ್ಳೆಯದಕ್ಕೆ ಸ್ತೋತ್ರ. ಆಮೇಲೆ ನನ್ನನ್ನು ನನಗೆ ತೋರಿಸು ಅಂತ ಬೇಡಿಕೆ. ಕೀರ್ತನೆ 139:23-24 ಇದಕ್ಕೆ ಸರಿಯಾಗಿ ಕೂರುತ್ತದೆ. ಮೂರನೆಯದು ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆದದ್ದನ್ನು ನಿಧಾನವಾಗಿ ನೆನೆಯುವುದು. ನಾಲ್ಕನೆಯದು ತಪ್ಪಿದ್ದಕ್ಕೆ ಕ್ಷಮೆ ಕೇಳುವುದು. ಕೊನೆಗೆ ನಾಳೆಗೆ ಒಂದು ತೀರ್ಮಾನ.

ಎಚ್ಚರಿಕೆ: ಸ್ತೋತ್ರ ಬಿಟ್ಟು ನೇರ ತಪ್ಪಿಗೆ ಹಾರಬೇಡಿ. ತನ್ನನ್ನು ತಾನು ಹೊಡೆದುಕೊಳ್ಳುವ ಆಟ ಆಗಿಬಿಡುತ್ತದೆ. ದೇವರ ಮುಂದೆ ಅರಿಕೆ ಮಾಡಿದ (ಒಪ್ಪಿಕೊಂಡ) ಪಾಪವೇ ಮತ್ತೆ ಮತ್ತೆ ಕಾಡಿ ನಿದ್ದೆ ಹೋಗುತ್ತಿದ್ದರೆ ಈ ಹಂತ ನಿಲ್ಲಿಸಿ. ನಿಮ್ಮ ಪಾಸ್ಟರ್ ಅಥವಾ ಫಾದರ್ ಹತ್ತಿರ ಮಾತಾಡಿ, ಬೇಕಿದ್ದರೆ ವೈದ್ಯರ ಹತ್ತಿರವೂ.

ಹಂತ 5: ಕೆಡಿಸಿದ್ದನ್ನು ಸರಿಮಾಡಿ (ಮೂರನೆಯ ವಾರ)

ಎಲ್ಲರೂ ಜಾರಿಕೊಳ್ಳುವ ಹಂತ ಇದು. ದೇವರ ಹತ್ತಿರ ಕ್ಷಮೆ ಕೇಳುವುದು ಸುಲಭ, ಪಕ್ಕದ ಮನೆಯವರ ಹತ್ತಿರ ಕಷ್ಟ. ಆದರೆ ಮತ್ತಾಯ 5:23-24 ಸ್ಪಷ್ಟ. ಕಾಣಿಕೆ ಅಲ್ಲೇ ಬಿಟ್ಟು ಹೋಗಿ, ಮೊದಲು ಸಹೋದರನ ಸಂಗಡ ಒಂದಾಗಿ, ಆಮೇಲೆ ಬನ್ನಿ.

ಹಣದ ವಿಷಯಕ್ಕೆ ಯಾಜಕಕಾಂಡ 6:1-5 ಲೆಕ್ಕವನ್ನೇ ಕೊಡುತ್ತದೆ. ಮೋಸದಿಂದ ತಗೊಂಡದ್ದನ್ನು ಪೂರ್ತಿ ವಾಪಸ್ ಕೊಟ್ಟು, ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. ಅಂದರೆ 1,000 ರೂಪಾಯಿಗೆ 1,200. ಸುಂಕದವರ ಮುಖ್ಯಸ್ಥ ಜಕ್ಕಾಯ ಲೂಕ 19ರಲ್ಲಿ ನಾಲ್ಕರಷ್ಟು ಕೊಡುತ್ತೇನೆ ಅಂದ. ಯೇಸುಸ್ವಾಮಿ ಅವನ ಮನೆಗೆ ಬಂದಮೇಲೆ ಅಂದದ್ದು ಅದು, ಬರಲಿ ಅಂತಲ್ಲ.

ಕ್ಷಮೆ ಕೇಳುವಾಗ ಚಿಕ್ಕದಾಗಿ ಕೇಳಿ. "ನಾನು ಹೀಗೆ ಮಾಡಿದೆ, ತಪ್ಪು, ಕ್ಷಮಿಸಿ." 'ಆದರೆ ನೀವೂ' ಅನ್ನುವ ಮಾತು ಬಾಯಿಗೆ ಬಂದರೆ ನುಂಗಿ. ಅವರು ಕ್ಷಮಿಸದಿದ್ದರೂ ಒತ್ತಾಯ ಮಾಡಬೇಡಿ.

ಇಲ್ಲಿ ಒಂದು ಗಟ್ಟಿ ಎಚ್ಚರಿಕೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ 'ಸಹಿಸಿಕೋ, ಅದೇ ಪರಿಶುದ್ಧತೆ' ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕ್ಷಮಿಸುವುದು ಬೇರೆ, ಅಪಾಯದಲ್ಲೇ ಉಳಿಯುವುದು ಬೇರೆ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ಪೊಲೀಸ್ ಸಹಾಯಕ್ಕೆ 112.

ಹಂತ 6: ಒಬ್ಬರ ಜೊತೆ ನಡೆಯಿರಿ (ನಾಲ್ಕನೆಯ ವಾರದಿಂದ)

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟ್ ಚಳವಳಿಯ ಮುಂದಾಳು ಜಾನ್ ವೆಸ್ಲಿಯ ಜೊತೆಗಾರರಿಗೆ ಒಂದು ಸಮಸ್ಯೆ ಇತ್ತು. ಕೂಟದ ಕಟ್ಟಡದ ಮೇಲೆ ಸಾಲ. ಜನರನ್ನು ಹನ್ನೆರಡು ಹನ್ನೆರಡರಂತೆ ಗುಂಪು ಮಾಡಿ, ತಲೆಗೆ ವಾರಕ್ಕೆ ಒಂದು ಪೆನ್ನಿ (ಚಿಕ್ಕ ನಾಣ್ಯ) ಎತ್ತುವುದೆಂದು ಠರಾಯಿಸಿದರು. ಹಣ ಎತ್ತಲು ಮನೆಮನೆಗೆ ಹೋದ ಮುಖಂಡರಿಗೆ ಜನರ ನಿಜವಾದ ಬದುಕು ಕಂಡಿತು. ಅಲ್ಲಿಂದ ಆ ಗುಂಪುಗಳು ವಾರಕ್ಕೊಮ್ಮೆ ಸೇರಿ, ನಿನ್ನ ಆತ್ಮ ಹೇಗಿದೆ ಅಂತ ವಿಚಾರಿಸುವ ಕೂಟಗಳಾದವು. ಮೆಥೊಡಿಸ್ಟ್ ಸಭೆಗಳ ಬೆನ್ನೆಲುಬೇ ಆಯಿತು ಅದು.

ಹನ್ನೆರಡು ಜನ ಬೇಡ, ಒಬ್ಬರು ಸಾಕು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇದ್ದರೆ ಒಳ್ಳೆಯದು. ವಾರಕ್ಕೆ ಅರ್ಧ ಗಂಟೆ. ಮೂರು ಪ್ರಶ್ನೆ: ಈ ವಾರ ದೇವರು ಏನು ತೋರಿಸಿದರು? ಎಲ್ಲಿ ಬಿದ್ದೆ? ಯಾರಿಗೆ ಏನು ಬಾಕಿ ಇದೆ? ಯಾಕೋಬ 5:16 ಹೇಳುವಂತೆ ಒಬ್ಬರಿಗೊಬ್ಬರು ಅರಿಕೆ ಮಾಡಿ ಪ್ರಾರ್ಥಿಸಿ. ಕ್ಯಾಥೊಲಿಕರಿಗೆ ಫಾದರ್ ಮುಂದೆ ಮಾಡುವ ಪಾಪನಿವೇದನೆ ಇದೆ, ಅದನ್ನು ಬಳಸಿಕೊಳ್ಳಿ.

ಎಚ್ಚರಿಕೆ: ವಾಟ್ಸಾಪ್ ಗುಂಪಿನಲ್ಲಿ ಅರಿಕೆ ಬೇಡ. ದೇವರು ನಿಮಗೆ ಮಾಡಿದ್ದನ್ನು ಸಭೆಯಲ್ಲಿ 'ಸಾಕ್ಷಿ'ಯಾಗಿ ಹೇಳುವಾಗ ಬೇರೆಯವರ ಪಾಪವನ್ನು ಸೇರಿಸಿ ಹೇಳಬೇಡಿ. ಕೇಳಿದ್ದನ್ನು ಹೊರಗೆ ಬಿಡುವವರನ್ನು ಮರುವಾರವೇ ಬಿಡಿ.

ಒಡವೆ, ಸಿನಿಮಾ ಪ್ರಶ್ನೆ

ನಮ್ಮಲ್ಲಿ ಕೆಲವು ಪೆಂತೆಕೊಸ್ತ್ ಸಭೆಗಳು ಒಡವೆ ತೆಗೆಯಲು ಹೇಳುತ್ತವೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಕ್ಯಾಥೊಲಿಕ್ ಸಭೆಗಳಲ್ಲಿ ಆ ಪದ್ಧತಿ ಇಲ್ಲ. 1 ಪೇತ್ರ 3:3-4ರ ಒತ್ತು ಒಳಗಿನ ಶಾಂತ ಮನಸ್ಸೇ ನಿಜವಾದ ಅಲಂಕಾರ ಅನ್ನುವುದರ ಮೇಲಿದೆ. ದೇವರಿಗಾಗಿ ಪ್ರೀತಿಯಿಂದ ತೆಗೆದವರನ್ನು ನಾನು ಗೌರವಿಸುತ್ತೇನೆ. ಹಾಕಿಕೊಂಡವರನ್ನು ಕೀಳಾಗಿ ನೋಡಿದರೆ ಮಾತ್ರ ತೆಗೆದದ್ದು ವ್ಯರ್ಥ. ಲೂಕ 18ರ ಸಾಮ್ಯದಲ್ಲಿ ಬರುವ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು, ವಾರಕ್ಕೆ ಎರಡು ಸಾರಿ ಉಪವಾಸ ಮಾಡುತ್ತಿದ್ದ, ದಶಮಾಂಶ ಕೊಡುತ್ತಿದ್ದ. ಮನೆಗೆ ನೀತಿವಂತನಾಗಿ ಹೋದದ್ದು ಎದೆ ಬಡಿದುಕೊಂಡ ಸುಂಕದವನು. ಸಿನಿಮಾಕ್ಕೂ ಇದೇ ಅಳತೆ. ನೋಡಿ ಬಂದಮೇಲೆ ಮನಸ್ಸಿನಲ್ಲಿ ಏನು ಉಳಿಯುತ್ತದೆ ಅಂತ ಹಂತ 4ರಲ್ಲಿ ಕೇಳಿಕೊಳ್ಳಿ, ಉತ್ತರ ಸಿಗುತ್ತದೆ.

ಮತ್ತೆ ಬಿದ್ದರೆ?

ಬೀಳುತ್ತೀರಿ. ಅದೇ ದಿನ ಅರಿಕೆ ಮಾಡಿ. ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂಬ 1 ಯೋಹಾನ 1:9ರ ಮಾತು ಬರೆದದ್ದು ನಂಬಿದವರಿಗೇ. 'ಸ್ವಲ್ಪ ದಿನ ಬಿಟ್ಟು, ಸರಿಯಾದಮೇಲೆ ಪ್ರಾರ್ಥನೆಗೆ ಕೂರ್ತೀನಿ' ಅಂತ ಮುಂದೂಡುವುದು ಬಿದ್ದದ್ದಕ್ಕಿಂತ ಹೆಚ್ಚು ಹಾಳು ಮಾಡುತ್ತದೆ.

ಪರಿಶುದ್ಧರಾಗಿರಿ ಅಂತ ಬರೆದ ಪೇತ್ರ ಯಾರು ಅಂತ ಆ ರಾತ್ರಿ ನೆನಪು ಮಾಡಿಕೊಳ್ಳಿ. ಯೋಹಾನ 18ರಲ್ಲಿ ಅಂಗಳದ ಕೆಂಡದ ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತಾ, ನಾನು ಅವನ ಶಿಷ್ಯನಲ್ಲ ಅಂದವನು ಇವನೇ. ಯೋಹಾನ 21ರಲ್ಲಿ ಮತ್ತೆ ಕೆಂಡದ ಬೆಂಕಿ ಬರುತ್ತದೆ. ಈ ಸಲ ಅದು ಸಮುದ್ರದ ದಡದಲ್ಲಿ, ಅದರ ಮೇಲೆ ಮೀನು. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳುವುದಕ್ಕೂ ಮೊದಲು ಯೇಸುಸ್ವಾಮಿ ಎಲ್ಲರನ್ನೂ ಊಟಕ್ಕೆ ಕರೆದರು. ಎರಡೂ ಅಧ್ಯಾಯ ಓದಿ, ದೀಪ ಆರಿಸಿ ಮಲಗಿ. ಬೆಳಿಗ್ಗೆ ನೋಟ್‌ಬುಕ್ ತೆರೆದು ಹೊಸ ತಾರೀಖು ಹಾಕಿ.